ಕೆಂಪು ಗೆರೆ ಬಿದ್ದ ‘ಖಂಡಿತ’

ಕಲಬುರಗಿ ಕೋಟೆಯ ಜಾಮಿಯಾ ಮಸೀದಿ ಮೇಲೆ ಎಂ.ಎ. ಪ್ರಬಂಧ ಬರೆಯುತ್ತಿದ್ದೆ. ‘ಇದು ಖಂಡಿತ ಸ್ಪೇನಿನ ಕೊರ್ಡೊಬಾ ಮಸೀದಿಯ ನಕಲು’ ಅಂತ ಒಂದು ಸಾಲು. ಊರಲ್ಲಿ ಎಲ್ಲರೂ ಹೇಳೋದೇ ಅದು ಅಲ್ವಾ? ಗೈಡ್ ಕೆಂಪು ಗೆರೆ ಎಳೆದರು. ‘ನೀ ನೋಡ್ಕೊಂಡು ಬಂದೀಯೇನು ತಮ್ಮಾ?’

ಸಿಟ್ಟಿಗೆ ಎಲ್ಲ ಸಾಲಿಗೂ ‘ಬಹುಶಃ’ ಅಂಟಿಸಿದೆ. 1367ರಲ್ಲಿ ಕಟ್ಟಿದ್ದು ಅನ್ನೋದಕ್ಕೂ! ಅದಕ್ಕೆ ಶಾಸನವೇ ಇದೆ. ಮತ್ತೆ ಗೆರೆ.

ಆಮೇಲೆ ಪೆನ್ಸಿಲ್ ಹಿಡಿದು ಒಂದೊಂದೇ ಸಾಲು ನೋಡಿದೆ. ಇದನ್ನು ಕಂಡೆನಾ, ಓದಿದೆನಾ, ಊಹಿಸಿದೆನಾ? ಕಂಡಿದ್ದಕ್ಕೆ ಅಳುಕು ಬೇಡ: ತೆರೆದ ಅಂಗಳವಿಲ್ಲ, ಪೂರ್ತಿ ಚಾವಣಿ ಇದೆ. ಓದಿದ್ದಕ್ಕೆ ಅಡಿಟಿಪ್ಪಣಿ. ಊಹೆಗಷ್ಟೇ ‘ಇರಬಹುದು’. ಆ ಸಾಲು ಹೀಗಾಯ್ತು: ‘ಕಮಾನುಗಳಲ್ಲಿ ಕೊರ್ಡೊಬಾದ ಹೋಲಿಕೆ ಕಾಣುತ್ತದೆ, ನೇರ ಪ್ರಭಾವ ಎನ್ನಲು ನಾವು ನೋಡಿದ ಆಧಾರ ಸಾಲದು.’

ಈ ಸಲ ಗೆರೆ ‘ನಾವು’ ಮೇಲೆ. ನೋಡಿದ್ದು ನಾನೊಬ್ಬನೇ.