ಡಬ್ಬ ತುಂಬಿತ್ತು, ರೇಡಿಯೇಟರ್ ಖಾಲಿ

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆವು. ಆಷಾಢದ ಮಳೆ, ಮುಂದೊಂದು ಟ್ಯಾಂಕರ್, ಪಕ್ಕದಲ್ಲಿ ಧರ್ಮಸ್ಥಳದ ಪ್ರಸಾದದ ಚೀಲ ಹಿಡಿದು ಕೂತ ಅಮ್ಮ. ಮುಂದಿನ ಗಾಜು ಒಳಗಿನಿಂದ ಮಬ್ಬಾಗತೊಡಗಿತು. ಎಸಿ ಹಾಕಿದರೆ ಅಮ್ಮನಿಗೆ ಚಳಿ, ಹಾಗಾಗಿ ಹೀಟರಿನ ಗುಂಡಿಯನ್ನು ಕೆಂಪು ಕಡೆಗೆ ಪೂರ್ತಿ ತಿರುಗಿಸಿದೆ. ಬಂದದ್ದು ತಣ್ಣನೆ ಗಾಳಿ. ಘಾಟಿಯನ್ನು ಎರಡನೇ ಗೇರಿನಲ್ಲಿ ಅರ್ಧ ಹತ್ತಿರುವ ಇಂಜಿನ್ನಿನ ಹೀಟರಿನಿಂದ ತಣ್ಣನೆ ಗಾಳಿ!

ಹೀಟರಿಗೆ ಬೇರೆ ಒಲೆ ಇಲ್ಲ. ಇಂಜಿನ್ ಸುತ್ತಿ ಬಂದ ಬಿಸಿ ನೀರೇ ಡ್ಯಾಶ್‌ಬೋರ್ಡ್ ಹಿಂದಿನ ಪುಟ್ಟ ರೇಡಿಯೇಟರಿನೊಳಗೆ ಹರಿದು ಗಾಳಿಯನ್ನು ಬಿಸಿ ಮಾಡಬೇಕು. ಗಾಳಿ ತಣ್ಣಗಿದೆ ಎಂದರೆ ಅಲ್ಲಿಗೆ ನೀರು ಬರುತ್ತಿಲ್ಲ. ಆದರೆ ಉಷ್ಣಾಂಶದ ಮುಳ್ಳು ಅರ್ಧಕ್ಕಿಂತ ಕೆಳಗೆ ತಣ್ಣಗೆ ಮಲಗಿತ್ತು. ಮುಳ್ಳನ್ನು ನಂಬಲೋ ಗಾಳಿಯನ್ನು ನಂಬಲೋ? ಮಾರನಹಳ್ಳಿಯ ಬಳಿ ಅಗಲವಾದ ಜಾಗ ಸಿಕ್ಕಿತು, ಗಾಳಿಯನ್ನೇ ನಂಬಿ ನಿಲ್ಲಿಸಿದೆ.

ಬಾನೆಟ್ ಎತ್ತಿದರೆ ಕೂಲೆಂಟಿನ, ಅಂದರೆ ಇಂಜಿನ್ ತಣಿಸುವ ದ್ರವದ, ಪ್ಲಾಸ್ಟಿಕ್ ಡಬ್ಬದಲ್ಲಿ ಮಟ್ಟ ಎರಡು ಗೆರೆಗಳ ನಡುವೆ ಸರಿಯಾಗಿತ್ತು. ಆ ಡಬ್ಬವನ್ನು ನೋಡಿಯೇ ನಾನು ಅರಸೀಕೆರೆ ಬಿಟ್ಟದ್ದು. ಒಂದು ಗಂಟೆಗೂ ಹೆಚ್ಚು ಕಾದು, ಮೇಲಿನ ರಬ್ಬರ್ ಪೈಪನ್ನು ಮುಟ್ಟಿದರೆ ಕೈ ತಡೆದುಕೊಳ್ಳುವಷ್ಟು ಆರಿದ ಮೇಲೆ ಬಟ್ಟೆ ಸುತ್ತಿ ರೇಡಿಯೇಟರಿನ ಮುಚ್ಚಳ ತೆಗೆದೆ. (ಬಿಸಿಯಿದ್ದಾಗ ಯಾರೂ ತೆಗೆಯಬೇಡಿ, ಮುಖ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ.) ಬೆರಳು ಇಳಿಸಿದರೆ ನೀರು ಸಿಗಲಿಲ್ಲ. ಕುಡಿಯಲು ತಂದಿದ್ದ ಬಾಟಲಿಗಳಿಂದ ಒಂದೂವರೆ ಲೀಟರ್ ಹಿಡಿಯಿತು. ಪೂರ್ತಿ ತುಂಬಿದರೂ ನಾಲ್ಕು ಲೀಟರ್ ಹಿಡಿಯುವ ವ್ಯವಸ್ಥೆ ಅದು.

ಆಮೇಲೆ ಅರ್ಥವಾಯಿತು. ಉಷ್ಣಾಂಶ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಅದರ ಮಾತಿಗೆ ಬೆಲೆ. ನೀರು ಇಳಿದು ಅದು ಗಾಳಿಯಲ್ಲಿ ನೇತಾಡುತ್ತಿದ್ದರೆ, ಕೆಳಗೆ ಲೋಹ ಕಾದು ಕೆಂಡವಾಗುತ್ತಿದ್ದರೂ ಮುಳ್ಳು ಏಳುವುದಿಲ್ಲ.

ಗಾಡಿಯ ಬಗ್ಗೆ ಸ್ವಲ್ಪ ಹೇಳಬೇಕು. 2011ರ ಮಾಡೆಲಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಸೆಕೆಂಡ್ ಹ್ಯಾಂಡ್ ಕೊಂಡದ್ದು, ಓಡಿರುವುದು 1,30,000 ಕಿಲೋಮೀಟರ್ ಮೇಲೆ. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಎಂಟು ತಿಂಗಳಿಂದ ಉರಿಯುತ್ತಲೇ ಇತ್ತು. ರಾತ್ರಿ ಹೆಡ್‌ಲೈಟ್, ವೈಪರ್ ಎರಡೂ ಹಾಕಿದರೆ ಬ್ಯಾಟರಿಯ ಕೆಂಪು ದೀಪ ಮಿಣುಕುತ್ತಿತ್ತು, ಕೆಲವೊಮ್ಮೆ ಜೊತೆಗೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ. ಮೊದಲ ಗ್ಯಾರೇಜಿನವರು ಉಷ್ಣಾಂಶದ ಸೆನ್ಸರ್ ಬದಲಿಸಿ ದೀಪ ಆರಿಸಿ ಕೊಟ್ಟರು, ನಾಲ್ಕನೇ ದಿನ ಮತ್ತೆ ಹತ್ತಿತು. ಎರಡನೆಯವರು ಏನನ್ನೂ ಬದಲಿಸದೆ ದೀಪ ಮಾತ್ರ ಆರಿಸಿದರು. ಘಾಟಿಯ ಪ್ರಸಂಗದ ನಂತರ ಮೂರನೆಯವರು ಇಂಜಿನ್ನಿಗೆ ಕೈ ಹಚ್ಚುವ ಮೊದಲೇ ತೀರ್ಪು ಕೊಟ್ಟರು: "ಮೇಷ್ಟ್ರೇ, ಹೊರಗೆ ಎಲ್ಲೂ ಲೀಕ್ ಕಾಣ್ತಿಲ್ಲ ಅಂದ್ರೆ ನೀರು ಒಳಗೇ ಹೋಗ್ತಿದೆ. ಹೆಡ್ ಗ್ಯಾಸ್ಕೆಟ್. ಹದಿನೆಂಟು ಸಾವಿರ ಇಟ್ಕೊಳ್ಳಿ."

ಹೆಡ್ ಗ್ಯಾಸ್ಕೆಟ್ ಅಂದರೆ ಇಂಜಿನ್ನಿನ ಎರಡು ಭಾಗಗಳ ನಡುವೆ ನೀರು, ಅನಿಲ ಸೋರದಂತೆ ಕೂರಿಸಿದ ತೆಳು ಹಾಳೆ. ಅವರ ತರ್ಕ ತಪ್ಪೇನಲ್ಲ, ಆದರೆ ಅವಸರದ್ದು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಮಕ್ಕಳಿಗೆ ದಿನಾ "ಮೊದಲು ಅಳತೆ, ಆಮೇಲೆ ತೀರ್ಮಾನ" ಎನ್ನುತ್ತೇನೆ. ನನ್ನದೇ ಕಾರಿಗೆ ಎಂಟು ತಿಂಗಳು ಅದನ್ನು ಮಾಡಿರಲಿಲ್ಲ.

ಹಾಗಾಗಿ ಲ್ಯಾಬಿನ ಹಳೆಯ 500 ಮಿಲಿಲೀಟರಿನ ಅಳತೆ ಜಾಡಿಯೊಂದನ್ನು ಮನೆಗೆ ತಂದೆ. ದಿನಾ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ, ಒಂದೇ ಜಾಗದಲ್ಲಿ ನಿಲ್ಲಿಸಿ, ಡಬ್ಬವನ್ನಲ್ಲ, ರೇಡಿಯೇಟರಿನ ಕತ್ತಿನ ತನಕ ತುಂಬುವುದು. ಎಷ್ಟು ಹಿಡಿಯಿತು, ಹಿಂದಿನ ದಿನ ಎಷ್ಟು ದೂರ ಓಡಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಹನ್ನೆರಡು ದಿನದ ಲೆಕ್ಕದಲ್ಲಿ ಎರಡು ಸಂಗತಿ ಎದ್ದು ಕಂಡವು. ಗಾಡಿ ಕದಲದ ಭಾನುವಾರಗಳಲ್ಲಿ ನಷ್ಟ ಸೊನ್ನೆ. ಓಡಿದ ದಿನಗಳಲ್ಲಿ 50ರಿಂದ 80 ಮಿಲಿ. ಆದರೆ ಅಷ್ಟೂ ದಿನ ಡಬ್ಬದ ಮಟ್ಟ ಒಂದು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ.

ಡಬ್ಬ ಯಾಕೆ ಸುಳ್ಳು ಹೇಳುತ್ತಿತ್ತು? ರೇಡಿಯೇಟರಿನ ಮುಚ್ಚಳ ಅಂದರೆ ಬರೀ ಮುಚ್ಚಳವಲ್ಲ, ಅಡುಗೆಮನೆಯ ಕುಕ್ಕರಿನ ವಿಸಿಲ್ ಇದ್ದ ಹಾಗೆ. ನನ್ನದರ ಮೇಲೆ 1.1 ಎಂದು ಅಚ್ಚಾಗಿತ್ತು. ಒಳಗೆ 1.1 ಬಾರ್ ಒತ್ತಡ ಕಟ್ಟುವವರೆಗೆ ಅದು ಬಿಗಿ ಹಿಡಿಯುತ್ತದೆ, ಆ ಒತ್ತಡದಲ್ಲಿ ಬರೀ ನೀರು ಕೂಡ 120 ಡಿಗ್ರಿ ದಾಟುವ ತನಕ ಕುದಿಯುವುದಿಲ್ಲ. ಒತ್ತಡ ಮೀರಿದರೆ ಹೆಚ್ಚಾದ ನೀರನ್ನು ಡಬ್ಬಕ್ಕೆ ಬಿಡುತ್ತದೆ. ಇಂಜಿನ್ ಆರಿ ಒಳಗೆ ನಿರ್ವಾತ ಉಂಟಾದಾಗ ಮುಚ್ಚಳದ ನಡುವಿನ ಪುಟ್ಟ ವಾಲ್ವ್ ತೆರೆದು, ಡಬ್ಬದ ನೀರನ್ನು ವಾಪಸ್ ಎಳೆದುಕೊಳ್ಳಬೇಕು. ನನ್ನ ಮುಚ್ಚಳದ ರಬ್ಬರ್ ಒಣಗಿ ಬಿರಿದು, ಆ ವಾಲ್ವ್ ತುಕ್ಕಿನ ಕೆಸರಿನಲ್ಲಿ ಅಂಟಿಕೊಂಡಿತ್ತು. ನೀರು ವಾಪಸ್ ಬರುವ ದಾರಿ ಬಂದ್. ರೇಡಿಯೇಟರ್ ಬೇರೆಲ್ಲಿಂದಲೋ ಗಾಳಿ ಎಳೆದುಕೊಳ್ಳುತ್ತಿತ್ತು, ಡಬ್ಬ ತುಂಬಿದ ಕೊಡದ ಹಾಗೆ ತುಳುಕದೆ ಕೂತಿತ್ತು. ಹೊಸ ಮುಚ್ಚಳಕ್ಕೆ ಕೊಟ್ಟದ್ದು ಇನ್ನೂರೈವತ್ತು ರೂಪಾಯಿ.

ಮುಚ್ಚಳ ಬದಲಿಸಿದ ಮೇಲೆ ಡಬ್ಬ ಸತ್ಯ ಹೇಳತೊಡಗಿತು, ಅಂದರೆ ಡಬ್ಬದ ಮಟ್ಟವೂ ಇಳಿಯತೊಡಗಿತು. ನೀರು ಎಲ್ಲಿಗೆ ಹೋಗುತ್ತಿದೆ ಎನ್ನುವ ಪ್ರಶ್ನೆ ಹಾಗೇ ಉಳಿಯಿತು.

ಮೊದಲು ಆ ಹದಿನೆಂಟು ಸಾವಿರದ ಭಯ ಕಳೆದುಕೊಳ್ಳಬೇಕಿತ್ತು. ಹಾಸನದಲ್ಲಿ ಗ್ಯಾರೇಜ್ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ "ಸಾರ್, ನನ್ನ ಹತ್ರ ಟೆಸ್ಟರ್ ಇದೆ, ತಗೊಂಡ್ ಹೋಗಿ" ಎಂದು ಎರಡು ಉಪಕರಣ ಕೊಟ್ಟ. ಒಂದು, ನೀಲಿ ದ್ರವ ತುಂಬಿದ ಕೊಳವೆ. ರೇಡಿಯೇಟರಿನ ಬಾಯಿಗೆ ಇಟ್ಟು, ಇಂಜಿನ್ ಚಾಲೂ ಮಾಡಿ, ಒಳಗಿನ ಗಾಳಿಯನ್ನು ಆ ದ್ರವದ ಮೂಲಕ ಎಳೆಯಬೇಕು. ಹೆಡ್ ಗ್ಯಾಸ್ಕೆಟ್ ಒಡೆದಿದ್ದರೆ ಸಿಲಿಂಡರಿನ ಉರಿದ ಅನಿಲ ನೀರಿಗೆ ನುಗ್ಗುತ್ತದೆ, ಅದರ ಇಂಗಾಲದ ಡೈಆಕ್ಸೈಡಿಗೆ ನೀಲಿ ಹಳದಿಯಾಗುತ್ತದೆ. ಸುಣ್ಣದ ತಿಳಿನೀರಿಗೆ ಮಕ್ಕಳ ಕೈಲಿ ಊದಿಸಿ ಹಾಲಿನಂತೆ ಮಾಡಿಸುವ ನಮ್ಮ ಪಾಠದ ತಮ್ಮನೇ ಇದು. ಹತ್ತು ನಿಮಿಷ ಎಳೆದೆ. ನೀಲಿ ನೀಲಿಯಾಗಿಯೇ ಉಳಿಯಿತು. ಆಯಿಲ್ ಅಳೆಯುವ ಕಡ್ಡಿಯಲ್ಲೂ ಕಾಫಿ ನೊರೆಯಂಥದ್ದು ಇರಲಿಲ್ಲ, ಸೈಲೆನ್ಸರಿನಲ್ಲಿ ಸಿಹಿ ವಾಸನೆಯ ಬಿಳಿ ಹೊಗೆಯೂ ಇಲ್ಲ. ಗ್ಯಾಸ್ಕೆಟ್ ಬಚಾವ್.

ಇನ್ನೊಂದು ಕೈಪಂಪು, ಮೇಲೊಂದು ಒತ್ತಡದ ಮುಳ್ಳು. ಸೈಕಲ್ಲಿಗೆ ಗಾಳಿ ಹೊಡೆದ ಹಾಗೆ, ತಣ್ಣನೆಯ ರೇಡಿಯೇಟರಿಗೆ 1 ಬಾರ್ ತನಕ ಹೊಡೆದು ಬಿಡಬೇಕು, ಮುಚ್ಚಳದ ಮೇಲಿರುವ ಅಂಕಿಯನ್ನು ಮೀರಬಾರದು. ಬಿಸಿ ಇಂಜಿನ್ನಿನಲ್ಲಿ ಸೋರಿದ ಹನಿ ನೆಲ ಮುಟ್ಟುವ ಮೊದಲೇ ಆವಿಯಾಗಿಬಿಡುತ್ತದೆ. ತಣ್ಣಗಿರುವಾಗ ಒತ್ತಡ ಕೊಟ್ಟರೆ ಹನಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಇಪ್ಪತ್ತು ನಿಮಿಷದಲ್ಲಿ ಮುಳ್ಳು 1ರಿಂದ 0.8ಕ್ಕೆ ಬಂತು. ಮೊಬೈಲ್ ಟಾರ್ಚ್ ಒಂದು ಕೈಲಿ, ಹೆಂಡತಿಯ ಪುಟ್ಟ ಕನ್ನಡಿ ಇನ್ನೊಂದು ಕೈಲಿ ಹಿಡಿದು ಬಗ್ಗಿ ನೋಡಿದರೆ, ವಾಟರ್ ಪಂಪಿನ ಹೊಟ್ಟೆಯಡಿಯ ಸಣ್ಣ ತೂತಿನಲ್ಲಿ ಒಂದು ಹನಿ ಊದಿಕೊಳ್ಳುತ್ತಾ ನಿಂತಿತ್ತು. ಸುತ್ತ ಉಪ್ಪು ಕಟ್ಟಿದ ಹಾಗೆ ಹಳೆಯ ಕಲೆ. ಪಂಪಿನ ಸೀಲ್ ಸವೆದರೆ ನೀರು ಬೇರಿಂಗಿಗೆ ಹೋಗದೆ ಹೊರಗೆ ಬರಲಿ, ನೋಡಿದವರಿಗೆ ತಿಳಿಯಲಿ ಎಂದೇ ಆ ತೂತನ್ನು ಇಟ್ಟಿರುತ್ತಾರೆ. ನೋಡುವವರು ಬೇಕಷ್ಟೆ.

ಆ ಹನಿ ಉದುರುವುದು ಎಲ್ಲಿಗೆ ಎಂದು ಕನ್ನಡಿ ತಿರುಗಿಸಿದಾಗ ನಿಜಕ್ಕೂ ನಗು ಬಂತು. ನೇರ ಕೆಳಗೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ, ಅಂದರೆ ಆಲ್ಟರ್ನೇಟರ್, ಮತ್ತು ಅದನ್ನು ತಿರುಗಿಸುವ ಫ್ಯಾನ್ ಬೆಲ್ಟ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೀಂ ಎಂದು ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದದ್ದು ಇದೇ ಬೆಲ್ಟ್, ಅದಕ್ಕೆ ಯಾರೋ ಸ್ಪ್ರೇ ಹೊಡೆದು ಕಳಿಸಿದ್ದರು. ಕೂಲೆಂಟಿನಲ್ಲಿ ನೆಂದ ಬೆಲ್ಟ್ ಜಾರುತ್ತದೆ, ಡೈನಮೋ ಸರಿಯಾಗಿ ತಿರುಗುವುದಿಲ್ಲ. ಮಲ್ಟಿಮೀಟರ್ ಹಿಡಿದು ನೋಡಿದೆ. ಇಂಜಿನ್ ಚಾಲೂ ಇದ್ದು ಹೆಡ್‌ಲೈಟ್, ವೈಪರ್, ಫ್ಯಾನ್ ಹಾಕಿದರೆ ಬ್ಯಾಟರಿಯಲ್ಲಿ 12.1 ವೋಲ್ಟ್. ಆರೋಗ್ಯವಾಗಿದ್ದರೆ 13.8ರಿಂದ 14.4 ಇರಬೇಕು. ಬ್ಯಾಟರಿ ದೀಪ ಮಿಣುಕುತ್ತಿದ್ದದ್ದಕ್ಕೆ ಕಾರಣ ಬ್ಯಾಟರಿಯಲ್ಲ, ನೀರು. ಕಳೆದ ವರ್ಷ ಆ ದೀಪ ನೋಡಿಯೇ ಹೊಸ ಬ್ಯಾಟರಿ ಹಾಕಿಸಿದ್ದೆ ಎಂಬುದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಹಳದಿ ದೀಪದ್ದು ಬೇರೆ ಎಳೆ. ಸ್ಟಿಯರಿಂಗಿನ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಚುಚ್ಚಿ ಮೊಬೈಲಿನಲ್ಲಿ ಓದುವ ಇಎಲ್‌ಎಂ 327 ಎಂಬ ಪುಟ್ಟ ಡಬ್ಬಿ ತರಿಸಿದೆ. ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಸಿಕ್ಕಿತು: ಪಿ0128. ಇಂಜಿನ್ ಇಷ್ಟು ಹೊತ್ತಿಗೆ ಮುಟ್ಟಬೇಕಾದ ಬಿಸಿಯನ್ನು ಮುಟ್ಟಲಿಲ್ಲ ಎಂಬುದು ಅದರ ದೂರು. ಕೋಡ್ ಅಳಿಸಲು ಹೋಗಲಿಲ್ಲ. ರೇಡಿಯೇಟರ್ ಪೂರ್ತಿ ತುಂಬಿಸಿ, ಗಾಡಿ ಓಡುವಾಗಿನ ಉಷ್ಣಾಂಶವನ್ನು ಪಕ್ಕದಲ್ಲಿ ಕೂತ ಮಗಳ ಕೈಲಿ ಬರೆಸಿದೆ. ಅರಸೀಕೆರೆ ಪೇಟೆಯ ನಿಧಾನಗತಿಯಲ್ಲಿ 84, ಹಾಸನದ ರಸ್ತೆಗೆ ಬಿದ್ದು ಎಂಬತ್ತರ ವೇಗ ಹಿಡಿದ ತಕ್ಷಣ 67ಕ್ಕೆ ಇಳಿಯಿತು. ಗಾಳಿ ಬೀಸಿದರೆ ತಣ್ಣಗಾಗುತ್ತದೆ ಎಂದರೆ ನೀರು ಸದಾ ರೇಡಿಯೇಟರಿಗೆ ಹೋಗುತ್ತಲೇ ಇದೆ, ತಡೆಯುವ ಬಾಗಿಲೇ ಇಲ್ಲ. ಮೊದಲ ಗ್ಯಾರೇಜಿನವರು ಬದಲಿಸಿದ ಆ ಸೆನ್ಸರ್ ಪಾಪ, ನಿಜ ಹೇಳಿ ಕೆಲಸ ಕಳೆದುಕೊಂಡಿತ್ತು.

ಆ ಬಾಗಿಲೇ ಥರ್ಮೋಸ್ಟಾಟ್. ಎರಡು ಬೋಲ್ಟ್ ಬಿಚ್ಚಿ ಅದರ ಮುಚ್ಚಳ ತೆಗೆದರೆ ಒಳಗೆ ಕಾಣಬೇಕು. ತೆಗೆದೆ. ಗ್ಯಾಸ್ಕೆಟ್ ಇತ್ತು, ಥರ್ಮೋಸ್ಟಾಟ್ ಇರಲಿಲ್ಲ! ಮೂರು ವರ್ಷದ ಹಿಂದೆ ತಿಪಟೂರಿನ ದಾರಿಯಲ್ಲಿ ಇಂಜಿನ್ ಬಿಸಿಯಾದಾಗ ರಸ್ತೆ ಬದಿಯ ಮೆಕ್ಯಾನಿಕ್ ಒಬ್ಬರು ಅರ್ಧ ಗಂಟೆ ಏನೋ ಮಾಡಿ "ಇನ್ನು ಬಿಸಿ ಆಗಲ್ಲ ಬಿಡಿ ಮೇಷ್ಟ್ರೇ" ಎಂದದ್ದು ನೆನಪಾಯಿತು. ನಮ್ಮ ಹವೆಗೆ ಅದು ಬೇಡ ಎನ್ನುವುದು ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಹಳೆಯ ನಂಬಿಕೆ. ಥರ್ಮೋಸ್ಟಾಟ್ ಇರುವುದು ಚಳಿಗಲ್ಲ. ಇಂಜಿನ್ ತಣ್ಣಗಿದ್ದಷ್ಟು ಕಾಲ ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚಿಗೆ ಸುರಿಯುತ್ತದೆ. ಲೀಟರಿಗೆ 16 ಕೊಡುತ್ತಿದ್ದ ಗಾಡಿ 13ಕ್ಕೆ ಇಳಿದದ್ದನ್ನು ನಾನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆ.

ತಿಪಟೂರಿನಲ್ಲಿ ಅಂದು ಬಿಸಿಯಾದದ್ದೂ ಬಹುಶಃ ನೀರು ಸೋರಿಯೇ. ಆಮೇಲೆ ಮೂರು ವರ್ಷ ನಾನು ಮನೆಯ ಬೋರ್‌ವೆಲ್ ನೀರನ್ನೇ ಸುರಿಯುತ್ತಾ ಬಂದೆ. ನಮ್ಮೂರಿನ ಬೋರಿನ ನೀರು ಎಂಥದ್ದೆಂದು ಗೀಸರಿನ ಕಾಯಿಲ್ ನೋಡಿದವರಿಗೆ ಗೊತ್ತು, ಸುಣ್ಣದ ಚಿಪ್ಪು ಕಟ್ಟಿರುತ್ತದೆ. ಇಂಜಿನ್ನಿನೊಳಗೂ ಅದೇ ಚಿಪ್ಪು, ಜೊತೆಗೆ ತುಕ್ಕು, ಆ ಮರಳಿನಂಥ ಪುಡಿ ಪಂಪಿನ ಸೀಲನ್ನು ಉಜ್ಜುತ್ತದೆ. ಈ ಭಾಗಕ್ಕೆ ಬೈಯಲು ನನಗೆ ಬೇರೆ ಮೆಕ್ಯಾನಿಕ್ ಸಿಗುವುದಿಲ್ಲ.

ದಸರಾ ರಜೆಯ ಎರಡು ದಿನ ರಿಪೇರಿಗೆ ಹೋಯಿತು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೆಳಗಿನ ಪೈಪ್ ಕಳಚಿ ನೀರು ಇಳಿಸಿದರೆ ಬಂದದ್ದು ಕೆಮ್ಮಣ್ಣಿನ ಬಣ್ಣದ್ದು. ಅದನ್ನು ಹಳೆಯ ಕ್ಯಾನಿಗೆ ಹಿಡಿದೆ, ಚರಂಡಿಗೆ ಬಿಡಲಿಲ್ಲ. ಕೂಲೆಂಟಿನ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಬೀದಿನಾಯಿ ನೆಕ್ಕಿದರೆ ಮೂತ್ರಪಿಂಡ ಹಾಳಾಗಿ ಸಾಯುತ್ತದೆ. ಪುಣ್ಯಕ್ಕೆ ನನ್ನ ಗಾಡಿಯ ವಾಟರ್ ಪಂಪ್ ಹೊರಗಿನ ಬೆಲ್ಟಿನಿಂದಲೇ ತಿರುಗುವಂಥದ್ದು, ಇಂಜಿನ್ನಿನ ಒಳಗಿನ ಟೈಮಿಂಗ್ ಬೆಲ್ಟಿನ ಹಿಂದಿದ್ದಿದ್ದರೆ ನಾನು ಕೈ ಹಾಕುತ್ತಿರಲಿಲ್ಲ. ಪಂಪ್ ಬಿಚ್ಚುವುದು ಒಂದು ಗಂಟೆ. ಅಂಟಿಕೊಂಡ ಹಳೆಯ ಗ್ಯಾಸ್ಕೆಟನ್ನು ಅಲ್ಯೂಮಿನಿಯಂ ಗೀಚದಂತೆ ಕೆರೆಯುವುದು ಮೂರು ಗಂಟೆ. ಹೊಸ ಪಂಪ್, ಹೊಸ ಬೆಲ್ಟ್.

ಹೊಸ ಥರ್ಮೋಸ್ಟಾಟಿನ ಮೇಲೆ 82 ಎಂದಿತ್ತು. ಹಾಕುವ ಮೊದಲು ಹಳೆಯ ಪಾತ್ರೆಯಲ್ಲಿ ನೀರಿಟ್ಟು, ಲ್ಯಾಬಿನ ಥರ್ಮಾಮೀಟರ್ ಜೊತೆ ದಾರದಲ್ಲಿ ಇಳಿಬಿಟ್ಟು ಕಾಯಿಸಿದೆ. 83ರ ಹತ್ತಿರ ಬಾಯಿ ಬಿಡತೊಡಗಿತು. ಮಗಳು ವಿಡಿಯೋ ಮಾಡಿಕೊಂಡಳು, ಈಗ ಒಂಬತ್ತನೇ ತರಗತಿಗೆ ಅದನ್ನೇ ತೋರಿಸುತ್ತೇನೆ.

ಡಿಸ್ಟಿಲ್ಡ್ ವಾಟರಿನಿಂದ, ಅಂದರೆ ಬ್ಯಾಟರಿಗೆ ಹಾಕುವ ನೀರಿನಿಂದ, ಮೂರು ಸಲ ತೊಳೆದು ಕೂಲೆಂಟ್ ತುಂಬಿದೆ. ಅಂಗಡಿಯಲ್ಲಿ ನೋಡಿ ಕೊಳ್ಳಬೇಕು. ನೇರ ಸುರಿಯುವುದು ಬೇರೆ, ಅರ್ಧಕ್ಕರ್ಧ ನೀರು ಬೆರೆಸಬೇಕಾದದ್ದು ಬೇರೆ. ಬಣ್ಣ ನೋಡಿ ಜಾತಿ ಹೇಳಲಾಗದು, ಗಾಡಿಯ ಪುಸ್ತಕದಲ್ಲಿ ಬರೆದದ್ದನ್ನೇ ಕೇಳಿ ತರಬೇಕು. ತುಂಬಿದ ಮೇಲೆ ಗಾಳಿ ಹೊರಡಿಸುವುದರಲ್ಲಿ ನಾನು ಮೊದಲ ಸಲ ಸೋತೆ. ನಾಲ್ಕು ಲೀಟರ್ ಹಿಡಿಯಬೇಕಾದಲ್ಲಿ ಮೂರಕ್ಕೇ ತುಂಬಿದಂತೆ ಕಂಡಿತು, ಹೀಟರ್ ಮತ್ತೆ ತಣ್ಣಗೆ. ಮರುದಿನ ಮುಂದಿನ ಚಕ್ರಗಳನ್ನು ಏರಿನ ಮೇಲೆ ನಿಲ್ಲಿಸಿ, ತಣ್ಣನೆ ಇಂಜಿನ್ನನ್ನು ಮುಚ್ಚಳ ತೆಗೆದೇ ಚಾಲೂ ಮಾಡಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಮೇಲಿನ ಪೈಪನ್ನು ಹಾಲು ಕರೆದಂತೆ ಹಿಂಡಿದೆ. ಬುಳುಬುಳು ಎಂದು ಗುಳ್ಳೆ ಬಂದು ಬಂದು ನಿಂತವು. ಇನ್ನೂ 900 ಮಿಲಿ ಹಿಡಿಯಿತು.

ಈಗ ಹೆದ್ದಾರಿಯಲ್ಲೂ ಪೇಟೆಯಲ್ಲೂ 86ರಿಂದ 90. ಹಳದಿ ದೀಪವನ್ನು ನಾನು ಆರಿಸಲಿಲ್ಲ, ಕಂಪ್ಯೂಟರಿಗೇ ಸಮಾಧಾನವಾಗಲಿ ಎಂದು ಬಿಟ್ಟೆ. ಸತತ ಮೂರು ಓಟದಲ್ಲಿ ತಪ್ಪು ಕಾಣದಿದ್ದರೆ ಅದು ತಾನೇ ಆರುತ್ತದೆ, ನಾಲ್ಕನೇ ಬೆಳಿಗ್ಗೆ ಆರಿತ್ತು. ಬ್ಯಾಟರಿಯಲ್ಲಿ 14.1 ವೋಲ್ಟ್. ಎಬಿಎಸ್ ದೀಪ ಮಾತ್ರ ಆಗೀಗ ಬರುತ್ತಲೇ ಇತ್ತು. ನನ್ನ ಅಗ್ಗದ ಡಬ್ಬಿ ಎಬಿಎಸ್ ಕೋಡ್ ಓದುವುದಿಲ್ಲ, ಮಲ್ಟಿಮೀಟರಿನಲ್ಲಿ ನಾಲ್ಕೂ ಚಕ್ರದ ಸೆನ್ಸರ್ ಅಳೆದೆ. ಮೂರರಲ್ಲಿ ಸಾವಿರದ ಆಸುಪಾಸು ಓಮ್, ಹಿಂದಿನ ಎಡ ಚಕ್ರದಲ್ಲಿ ವೈರ್ ಅಲ್ಲಾಡಿಸಿದರೆ ಏನೂ ಇಲ್ಲ. ಕ್ಲಿಪ್ ಬಿಟ್ಟು ಉಜ್ಜಿ ತುಂಡಾಗಿತ್ತು, ಬೆಸುಗೆ ಹಾಕಿ ಕಟ್ಟಿದೆ. ಕೂಲೆಂಟಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಈ ಆಷಾಢದಲ್ಲಿ ಮತ್ತೆ ಅದೇ ಘಾಟಿ, ಅದೇ ಮಳೆ. ಮಾರನಹಳ್ಳಿ ಬರುವ ಮೊದಲೇ ಹೀಟರಿನ ಗುಂಡಿಯನ್ನು ಕೆಂಪಿಗೆ ತಿರುಗಿಸಿದೆ, ಗಾಜು ಮಬ್ಬಾಗದಿದ್ದರೂ. ಸಕಲೇಶಪುರ ಇನ್ನೂ ದೂರವಿರುವಾಗಲೇ ಅಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ಅದೇನು ಬಿಸಿಗಾಳಿನೋ, ಬೆವರ್ತಾ ಇದೀನಿ, ನಿಲ್ಸೋ ಮಾರಾಯ" ಎಂದರು.