ಅಂಗನವಾಡಿಗೆ ಬರದೇ ಇರೋ ಮಕ್ಕಳನ್ನ ಸೇರಿಸೋದು ಹೇಗೆ

ನಾನು ಬೆಂಗಳೂರಲ್ಲಿ ನಮ್ಮ ಏರಿಯಾ ಅಂಗನವಾಡಿಯ ಬಾಲವಿಕಾಸ ಸಮಿತೀಲಿ ಇದ್ದೀನಿ, ಜೂನ್ ಬಂತು ಅಂದ್ರೆ ಟೀಚರ್ ಜೊತೆ ಮನೆ ಮನೆ ಸುತ್ತೋದೇ ಕೆಲಸ. ನಿಮ್ಮ ಕಡೆನೂ ಮಕ್ಕಳು ಕಮ್ಮಿ ಅಂತಿದ್ರೆ ಹೀಗೆ ಮಾಡಿ ನೋಡಿ.

ಮೊದಲು ವಠಾರ, ಕಟ್ಟಡ ಕೆಲಸದ ಶೆಡ್ಡು, ಅಪಾರ್ಟ್‌ಮೆಂಟ್ ವಾಚ್‌ಮನ್ ರೂಮು ಇವನ್ನ ನೋಡಿ, ಸರ್ವೇಲಿ ಬಿಟ್ಟು ಹೋಗೋದೇ ಇವು. ಸಂಜೆ ಏಳರ ಮೇಲೆ ಇಲ್ಲಾ ಭಾನುವಾರ ಹೋಗಿ, ಹಗಲಲ್ಲಿ ಹೋದ್ರೆ ಬೀಗ ನೋಡ್ಕೊಂಡು ಬರ್ಬೇಕು ಅಷ್ಟೆ. ಆಶಾ ಕಾರ್ಯಕರ್ತೆನ ಜೊತೆಗೆ ಕರ್ಕೊಳಿ, ಪೋಲಿಯೋ ಹನಿ ಹಾಕಿ ಹಾಕಿ ಯಾವ ಮನೇಲಿ ಎಷ್ಟು ಮಕ್ಕಳು ಅಂತ ಅವರಿಗೆ ಬಾಯಿಪಾಠ.

ಆಮೇಲೆ ದಾಖಲೆ. "ಮಗೀಂದು ಆಧಾರ್ ಮಾಡ್ಸಿಲ್ರಿ ಅಕ್ಕಾ" ಅಂತ ಹಿಂದೇಟು ಹಾಕೋ ಅಮ್ಮಂದಿರೇ ಜಾಸ್ತಿ. ಮಗೂದು ಇಲ್ದಿದ್ರೂ ನಡೆಯುತ್ತೆ, ಟೀಚರ್ ಫೋನಲ್ಲಿ ಮಕ್ಕಳ ಹೆಸರು ದಾಖಲಿಸೋ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ತಾಯಿ ಆಧಾರ್ ಮೇಲೇ ಹೆಸರು ಸೇರಿಸಬಹುದು, ಬಸುರಿ ಇದ್ದಾಗ ಆಸ್ಪತ್ರೇಲಿ ಕೊಡೋ 'ತಾಯಿ ಕಾರ್ಡ್' ಇದ್ರೆ ಲಸಿಕೆ ವಿವರನೂ ಅದ್ರಲ್ಲೇ ಸಿಗುತ್ತೆ. ಬಿಪಿಎಲ್ ಕಾರ್ಡ್ ಕೇಳ್ಬೇಡಿ. ಆರು ವರ್ಷದೊಳಗಿನ ಎಲ್ಲಾ ಮಕ್ಕಳಿಗೂ ಅಂಗನವಾಡಿ ಸೌಲಭ್ಯ ಸಿಗಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ, ಬೇರೆ ಊರಿನವರು ಅಂತ ಬಾಗಿಲಿಂದ ವಾಪಸ್ ಕಳಿಸೋದು ಅನ್ಯಾಯ.

ಸೇರಿಸೋದು ಸುಲಭ, ಮಗು ಮಾರನೇ ದಿನ ಬರೋ ಹಾಗೆ ಮಾಡೋದೇ ಕಷ್ಟ. ಯಾದಗಿರಿ ಕಡೆಯ ಒಂದು ಹುಡುಗಿ ಮೂರು ದಿನ ಬಾಗಿಲ ಹತ್ರನೇ ಕೂತಿತ್ತು, ಲಂಗದ ಅಂಚು ಬಾಯಲ್ಲಿ ಕಚ್ಕೊಂಡು, ಒಂದು ಮಾತಿಲ್ಲ. ನಾಲ್ಕನೇ ದಿನ ಸಹಾಯಕಿ ಪಕ್ಕದಲ್ಲಿ ಕೂತು "ಯಾಕವ್ವಾ, ಹಾಲು ಬ್ಯಾಡೇನು" ಅಂತ ಅವಳ ಊರಿನ ಮಾತಲ್ಲೇ ಕೇಳಿದ್ರು ನೋಡಿ, ಲೋಟ ಎತ್ಕೊಂಡು ಗಟಗಟ ಕುಡೀತು. ಅವತ್ತಿಂದ ನಮ್ಮ ಟೀಚರ್ ನೀರು, ಪಾನಿ, ತಣ್ಣಿ, ನೀಳ್ಳು ನಾಲ್ಕನ್ನೂ ಸೇರಿಸಿ ಹಾಡು ಕಟ್ಟಿದಾರೆ, ಉರ್ದು ಮನೆಯವರು ತಮಿಳು ಮನೆಯವರು ಅಂತಿಲ್ಲ ಎಲ್ಲರೂ ಕೂಗ್ತಾರೆ, ಎರಡೇ ತಿಂಗಳಲ್ಲಿ ಕನ್ನಡನೂ ಬಾಯಿಗೆ ಬರುತ್ತೆ. ಮೊದಲ ವಾರ ಅಮ್ಮನೋ ಅಜ್ಜೀನೋ ಒಂದರ್ಧ ಗಂಟೆ ಒಳಗೆ ಕೂತ್ಕೊಳ್ಳಲಿ ಬಿಡಿ.

ಸ್ವಂತ ಮನೆಯವರು ಕಾನ್ವೆಂಟಿಗೆ ಹೋಗ್ತಾರೆ, ಎಬಿಸಿಡಿ ಕಲಿಸಲ್ಲ ಅಂತ. 2024ರಿಂದ ಕೆಲವು ಅಂಗನವಾಡೀಲಿ ಸರ್ಕಾರಿ ಮಾಂಟೆಸ್ಸರಿ ಶುರುವಾಗಿದೆ, ನಿಮ್ಮ ಕಡೆ ಇದೆಯಾ ಅಂತ ಸೂಪರ್‌ವೈಸರ್ ಹತ್ರ ಕೇಳಿ, ಇದ್ರೆ ಆ ಅಪ್ಪ ಅಮ್ಮಂದಿರನ್ನ ಒಂದಿನ ಕರೆದು ತೋರಿಸಿ.

ಇನ್ನೊಂದು, ಜಾತ್ರೆಗೋ ಸುಗ್ಗಿಗೋ ಊರಿಗೆ ಹೋದ ಮಗು ಹೆಸರನ್ನ ತಕ್ಷಣ ತೆಗೀಬೇಡಿ, ಫೋನ್ ಮಾಡಿ ಕೇಳಿ. ವಾಪಸ್ ಬರಲ್ಲ ಅಂದ್ರೆ ಆ ಊರಿನ ಅಂಗನವಾಡಿಗೆ ಟ್ರ್ಯಾಕರ್‌ನಲ್ಲೇ ಹೆಸರು ವರ್ಗ ಮಾಡಬಹುದು, ಅಲ್ಲಿ ಹೋದ ತಕ್ಷಣ ಟೀಚರ್‌ನ ಕಾಣಿ ಅಂತ ಅಮ್ಮನಿಗೆ ಹೊರಡೋಕೆ ಮುಂಚೆನೇ ಹೇಳಿರಿ.