ಟೋಕಿಮೆಕಿ ಮೆಮೋರಿಯಲ್: ಹಳೆಯದನ್ನೂ ಎರಡನೆಯದನ್ನೂ ತೂಗಿ ನೋಡುವ ಬಗೆ

ಜಪಾನಿನ ಕೊನಾಮಿ ಸಂಸ್ಥೆ 1994ರಲ್ಲಿ ಪಿಸಿ ಎಂಜಿನ್ ಎಂಬ ಗೇಮ್ ಯಂತ್ರಕ್ಕಾಗಿ ಹೊರತಂದ ‘ಟೋಕಿಮೆಕಿ ಮೆಮೋರಿಯಲ್’ ಮತ್ತು 1999ರಲ್ಲಿ ಪ್ಲೇಸ್ಟೇಷನ್‌ಗೆ ಐದು ಸಿಡಿಗಳಲ್ಲಿ ಬಂದ ಅದರ ಎರಡನೆಯ ಆಟ, ಎರಡೂ ಹೈಸ್ಕೂಲಿನ ಮೂರು ವರ್ಷಗಳನ್ನು ವಾರವಾರವೂ ನಡೆಸಿ, ಕೊನೆಯ ದಿನ ಯಾವ ಹುಡುಗಿಯಾದರೂ ಬಂದು ಪ್ರೀತಿಯನ್ನು ಮನಸ್ಸು ಬಿಚ್ಚಿ ಹೇಳುತ್ತಾಳೆಯೇ ಎಂದು ಕಾಯಿಸುವ ವಿಡಿಯೋ ಆಟಗಳು. ಜೂನ್, ಜುಲೈಯ ಮಳೆಗೆ ಮಂಗಳೂರಿನ ಕೋಣೆಗಳಲ್ಲಿ ಇವನ್ನು ಹಾಕಿಕೊಂಡು ಕೂರುವವರು, ಚಿತ್ರಗಳನ್ನು ನೋಡಿದೊಡನೆ ಹೊಸದೇ ಮೇಲೆಂದು ತೀರ್ಪು ಕೊಟ್ಟುಬಿಡುವುದುಂಟು. ಹಾಗೆ ಮಾಡಬೇಡಿ, ಮೊದಲು ನಿಯಮಗಳನ್ನು ಹೋಲಿಸಿ.

ಇದಕ್ಕೆ ಎರಡರಲ್ಲೂ ನಾಯಕಿಯ ಹಿಂದೆಯೇ ಹೋಗುವುದು ಸರಿಯಾದ ಅಳತೆಯಲ್ಲ. ಹಳೆಯ ಆಟದ ನಾಯಕಿ ಶಿಯೋರಿ ಫುಜಿಸಾಕಿ ಒಲಿಯಬೇಕಾದರೆ ಓದು, ಕಲೆ, ಕ್ರೀಡೆ, ರೂಪ ಎಲ್ಲದರಲ್ಲೂ ನಿಮ್ಮ ಅಂಕ ಹೆಚ್ಚಿರಬೇಕು. ಎರಡನೆಯದರ ನಾಯಕಿ ಹಿಕಾರಿ ಹಿನೊಮೊಟೊ ಮೊದಲಿನಿಂದಲೂ ಒಲವು ತೋರಿಸುವವಳು. ಇವರಿಬ್ಬರನ್ನು ಪಕ್ಕಪಕ್ಕದಲ್ಲಿಟ್ಟರೆ ಹಳೆಯ ಆಟ ವಿನಾಕಾರಣ ಕಠಿಣವೆಂದು ಕಾಣುತ್ತದೆ. ಅದರ ಬದಲು ಹಳೆಯದರಲ್ಲಿ ಈಜು ಸಂಘದ ನೊಝೊಮಿ ಕಿಯೊಕಾವಾಳನ್ನೂ ಹೊಸದರಲ್ಲಿ ಓಟಗಾರ್ತಿಯಾದ ಹಿಕಾರಿಯನ್ನೂ ಗುರಿಯಾಗಿಟ್ಟುಕೊಂಡು, ಎರಡರಲ್ಲೂ ಕ್ರೀಡೆಗೇ ಒತ್ತು ಕೊಟ್ಟು ಒಂದು ವರ್ಷ ಆಡಿ. ಒಂದು ನೋಟ್‌ಬುಕ್ಕಿನಲ್ಲಿ ಆ ವಾರ ಏನು ಆರಿಸಿದಿರಿ, ಯಾವ ಅಂಕ ಏರಿತು, ಯಾವುದು ಇಳಿಯಿತು ಎಂದು ಬರೆದಿಟ್ಟುಕೊಂಡರೆ ಸಾಕು.

ನಿಜವಾದ ಪರೀಕ್ಷೆ ಇರುವುದು ಬಾಂಬಿನಲ್ಲಿ. ಪರಿಚಯವಾದ ಹುಡುಗಿಯನ್ನು ಬಹಳ ದಿನ ಕಡೆಗಣಿಸಿದರೆ ಅವಳ ಹೆಸರಿಗೆ ಬಾಂಬಿನ ಗುರುತು ಬೀಳುತ್ತದೆ. ಅದು ಸಿಡಿದರೆ ಅವಳಷ್ಟೇ ಅಲ್ಲ, ಉಳಿದವರೂ ನಿಮ್ಮ ಮೇಲೆ ಮುನಿಯುತ್ತಾರೆ. ಹಳೆಯ ಆಟದಲ್ಲಿ ಗೆಳೆಯ ಯೋಶಿಯೋಗೆ ಫೋನ್ ಮಾಡಿದಾಗ ಈ ಗುರುತು ಕಾಣುತ್ತದೆ. ಬೇಕೆಂದೇ ಒಬ್ಬಳನ್ನು ಬಿಟ್ಟು, ಸಿಡಿಯುವ ಮುನ್ನ ಸೇವ್ ಮಾಡಿಕೊಂಡು, ಎರಡೂ ಆಟಗಳಲ್ಲಿ ಪರಿಣಾಮ ನೋಡಿ. ಎರಡನೆಯದು ಈ ನಿಯಮವನ್ನು ಕೈಬಿಡದೆ ಉಳಿಸಿಕೊಂಡಿರುವುದು ನನಗೆ ಅದರ ದೊಡ್ಡ ಗುಣವಾಗಿ ಕಾಣುತ್ತದೆ, ಏಕೆಂದರೆ ಹುಡುಗಿಯರೊಡನೆ ತಿರುಗಾಡಲು ಸಿಗುವ ಭಾನುವಾರಗಳನ್ನು ಅವರೆಲ್ಲರ ನಡುವೆ ಹಂಚುವ ಇಕ್ಕಟ್ಟು ಇಲ್ಲದಿದ್ದರೆ ಇದು ಬರೀ ಅಂಕ ಏರಿಸುವ ಕೆಲಸವಾಗುತ್ತಿತ್ತು.

ಹೊಸದು ನಿಜವಾಗಿ ಮುಂದೆ ಹೋದದ್ದು ಬಾಲ್ಯದ ಭಾಗದಲ್ಲಿ. ಶಿಯೋರಿ ಪಕ್ಕದ ಮನೆಯ ಬಾಲ್ಯಸಖಿ ಎಂದು ಹಳೆಯ ಆಟ ಹೇಳಿ ಮುಗಿಸುತ್ತದೆ. ಎರಡನೆಯದು ಕಥಾನಾಯಕ ಚಿಕ್ಕವನಿದ್ದಾಗ ಊರು ಬಿಡುವ ಮುನ್ನದ ದಿನಗಳನ್ನು ನಿಮ್ಮ ಕೈಯಿಂದಲೇ ಆಡಿಸಿ, ಅಲ್ಲಿ ಯಾರನ್ನು ಭೇಟಿಯಾದಿರಿ ಎಂಬುದನ್ನು ಮುಂದೆ ನೆನಪಿಡುತ್ತದೆ. ಆ ಭಾಗವನ್ನು ಅವಸರದಲ್ಲಿ ದಾಟಬಾರದು.

ಎರಡನೆಯದರಲ್ಲಿ ಹುಡುಗಿಯರು ನೀವು ಕೊಟ್ಟ ಹೆಸರನ್ನು ದನಿಯಲ್ಲಿ ಕರೆಯುವ ಸೌಲಭ್ಯವನ್ನು ಕೊನೆಗೆ ನೋಡಿದರೂ ಆದೀತು. ಹೆಸರನ್ನು ಜಪಾನಿ ಅಕ್ಷರಗಳಲ್ಲಿ ಕೊಡಬೇಕಾದ್ದರಿಂದ ಪ್ರಜ್ವಲ್ ‘ಪುರಾಜುವಾರು’ ಆಗುತ್ತಾನೆ. ಅಶೋಕನಿಗೆ ಅಷ್ಟು ಕಷ್ಟವಿಲ್ಲ.

ಎರಡೂ ಆಟಗಳಿಗೆ ಅಧಿಕೃತ ಇಂಗ್ಲಿಷ್ ರೂಪವಿಲ್ಲ. ಆದ್ದರಿಂದ ಫೋನಿನ ಅನುವಾದ ಆ್ಯಪ್ ಪಕ್ಕದಲ್ಲಿರಲಿ, ಮಳೆಯಲ್ಲಿ ಕರೆಂಟ್ ಹೋಗುವ ಊರಾದ್ದರಿಂದ ಪ್ರತಿ ಭಾನುವಾರಕ್ಕೆ ಮುನ್ನ ಸೇವ್ ಮಾಡಿ. ಎರಡನ್ನೂ ಆಡುವ ಮನಸ್ಸಿದ್ದರೆ ಹಳೆಯದನ್ನೇ ಮೊದಲು ಆಡಿ. ತಿರುಗಾಮುರುಗಾ ಮಾಡಿದರೆ ಬಾಲ್ಯದ ಭಾಗವಿಲ್ಲದ ಹಳೆಯ ಆಟ ಬೋಳಾಗಿ ಕಾಣುತ್ತದೆ.